ಹಳೆಯ ಪಿಕಪ್ ವಾಹನಕ್ಕೆ ಬದಲಿ ಗೇರ್‌ಬಾಕ್ಸ್: ಬೆಲೆಯೊಂದೇ ಲೆಕ್ಕವಲ್ಲ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ವರ್ತಕ ಬಂಧುಗಳಲ್ಲಿ ಸ್ವಂತ ಸರಕು ವಾಹನವಿಲ್ಲದವರು ವಿರಳ. ಅಕ್ಕಿ ಗಿರಣಿ, ಬೆಲ್ಲದ ಮಂಡಿ, ಎಳನೀರು, ರಸಗೊಬ್ಬರ, ಸಿಮೆಂಟು, ಹೀಗೆ ವ್ಯಾಪಾರ ಯಾವುದೇ ಇರಲಿ, ಹತ್ತು ಹನ್ನೆರಡು ವರ್ಷ ದುಡಿದ ಒಂದು ಬೊಲೆರೊ ಪಿಕಪ್, ಟಾಟಾ 207 ಅಥವಾ 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಅಂಗಡಿಯ ಮುಂದೆ ನಿಂತಿರುತ್ತದೆ. ಇಂತಹ ವಾಹನದ ಗೇರ್‌ಬಾಕ್ಸ್ ಕೈಕೊಟ್ಟಾಗ ಮಾಲೀಕರು ಕೇಳುವ ಮೊದಲ ಪ್ರಶ್ನೆ ‘ಬೇರೆಯದು ಎಷ್ಟಕ್ಕೆ ಸಿಗುತ್ತದೆ?’ ಎಂಬುದು. ವಾಸ್ತವವಾಗಿ ಇದು ಮೂರನೆಯ ಪ್ರಶ್ನೆಯಾಗಬೇಕು. ಕೆಟ್ಟಿರುವುದು ಗೇರ್‌ಬಾಕ್ಸೇ ಹೌದೇ ಎಂಬುದು ಮೊದಲನೆಯದು. ವಾಹನವನ್ನು ಇನ್ನೆಷ್ಟು ಕಾಲ ಓಡಿಸುವ ಇರಾದೆಯಿದೆ ಎಂಬುದು ಎರಡನೆಯದು.

ಈ ಲೇಖಕನು ಲೆಕ್ಕ ಪರಿಶೋಧಕನೇ ಹೊರತು ಯಂತ್ರ ತಜ್ಞನಲ್ಲ. ಆದರೂ ಕಕ್ಷಿದಾರರ ರಿಪೇರಿ ಬಿಲ್ಲುಗಳನ್ನು ಬಹುಕಾಲದಿಂದ ನೋಡುತ್ತ ಬಂದವನಿಗೆ, ಗೇರ್‌ಬಾಕ್ಸ್ ಬದಲಿಸಿದ ತಿಂಗಳೊಳಗೇ ಕ್ಲಚ್ ಪ್ಲೇಟಿನ ಬಿಲ್ಲೂ ಬಂದರೆ ಅನುಮಾನ ಮೂಡುವುದು ಸಹಜ. ಗೇರು ಗಟ್ಟಿಯಾಗಿ ಬೀಳುವುದಕ್ಕೆ ಅನೇಕ ವೇಳೆ ಸವೆದ ಕ್ಲಚ್ಚೇ ಕಾರಣ. ಇದನ್ನು ತಿಳಿಯುವ ಸರಳ ಪರೀಕ್ಷೆಯೊಂದಿದೆ. ಎಂಜಿನ್ ಚಾಲೂ ಮಾಡಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ಚಿನ ಮೇಲಿಂದ ಕಾಲು ತೆಗೆದು ಆಲಿಸಬೇಕು. ಆಗ ಕೇಳುವ ಕೊರೆತದ ಸದ್ದು ಕ್ಲಚ್ ಅದುಮಿದೊಡನೆ ನಿಂತರೆ ದೋಷ ಗೇರ್‌ಬಾಕ್ಸಿನೊಳಗಿನ ಬೇರಿಂಗ್‌ನದು; ಅದುಮಿದಾಗಲೇ ಸದ್ದು ಹುಟ್ಟಿದರೆ ಕ್ಲಚ್ಚಿನ ರಿಲೀಸ್ ಬೇರಿಂಗ್‌ನದು. ಅನಂತರ ಗೇರ್ ಆಯಿಲ್ ಇಳಿಸಿ ನೋಡಬೇಕು. ಎಣ್ಣೆಯಲ್ಲಿ ಹಿತ್ತಾಳೆ ಬಣ್ಣದ ನುಣುಪು ಹೊಳಪಿದ್ದರೆ ಸಿಂಕ್ರೊನೈಸರ್ ರಿಂಗ್‌ಗಳು ಸವೆದಿವೆ ಎಂದರ್ಥ. ಇದು ಬಿಚ್ಚಿ ಸರಿಪಡಿಸಬಹುದಾದ ದೋಷ. ಉಕ್ಕಿನ ಚೂರುಗಳು ಕೈಗೆ ಸಿಕ್ಕರೆ ಹಲ್ಲುಗಳೇ ಮುರಿದಿವೆ. ಆಗ ಬದಲಿ ಗೇರ್‌ಬಾಕ್ಸಿನ ಮಾತು ಎತ್ತಬಹುದು.

ಮಾಲೀಕರ ಮುಂದಿರುವ ದಾರಿಗಳು ಮೂರು: ಇರುವುದನ್ನೇ ಬಿಚ್ಚಿ ಹೊಸ ಬೇರಿಂಗ್, ರಿಂಗ್, ಸೀಲ್ ಹಾಕಿಸುವುದು, ಬೆಂಗಳೂರಿನ ಶಿವಾಜಿನಗರದಂತಹ ಗುಜರಿ ಪೇಟೆಯಿಂದ ಹಳೆಯದೊಂದನ್ನು ತರುವುದು, ಅಧಿಕೃತ ಮಾರಾಟಗಾರರಿಂದ ಹೊಸ ಅಸೆಂಬ್ಲಿ ಕೊಳ್ಳುವುದು. ನಮ್ಮಲ್ಲಿ ಹೆಚ್ಚಿನವರು ಎರಡನೆಯದಕ್ಕೆ ಮನಸೋಲುತ್ತಾರೆ. ಬೆಲೆ ಕಡಿಮೆ, ಎರಡೇ ದಿನದಲ್ಲಿ ಗಾಡಿ ರಸ್ತೆಗೆ ಬರುತ್ತದೆ. ಆದರೆ ‘ಅದೇ ಮಾಡೆಲ್ಲಿನದು ಸಾರ್’ ಎಂಬ ಮಾತನ್ನು ನಂಬಿ ತಂದದ್ದು ಹೊಂದದೇ ಹೋಗುವುದುಂಟು. ದೇಶದಾದ್ಯಂತ ಬಿ.ಎಸ್.-3 ಮಾನದಂಡ 2010ರಲ್ಲಿ, ಬಿ.ಎಸ್.-4 2017ರ ಏಪ್ರಿಲ್‌ನಲ್ಲಿ, ಬಿ.ಎಸ್.-6 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದವು. ಹೆಸರು ಅದೇ ಇದ್ದರೂ ಒಳಗಿನ ಎಂಜಿನ್ ಬದಲಾಗಿರಬಹುದು. ಆದ್ದರಿಂದ ಎಂಜಿನ್ನಿಗೆ ಜೋಡಿಸುವ ಬೋಲ್ಟು ರಂಧ್ರಗಳು, ಒಳಶಾಫ್ಟಿನ ಹಲ್ಲುಗೆರೆಗಳ ಸಂಖ್ಯೆ, ಹಿಂಬದಿಯ ಫ್ಲಾಂಜ್, ಸ್ಪೀಡೋಮೀಟರ್ ಜೋಡಣೆ ಇಷ್ಟನ್ನೂ ಹಳೆಯದರ ಪಕ್ಕದಲ್ಲಿಟ್ಟು ತಾಳೆ ನೋಡದೆ ಹಣ ಕೊಡಲಾಗದು. ಗೇರುಗಳ ಅನುಪಾತವೂ ಮುಖ್ಯ. ಬಯಲು ರಸ್ತೆಯಲ್ಲಿ ಅಂತರ ತಿಳಿಯದೆ ಹೋಗಬಹುದು. ಭತ್ತದ ಮೂಟೆ ಹೇರಿಕೊಂಡು ಮೇಲುಕೋಟೆಯ ಏರು ಹತ್ತುವಾಗ ಮೊದಲ ಗೇರಿನ ಶಕ್ತಿ ಸಾಲದಿದ್ದರೆ ಚಾಲಕ ಅರೆ ಕ್ಲಚ್ಚಿನಲ್ಲೇ ಗಾಡಿ ನಡೆಸುತ್ತಾನೆ, ಪ್ಲೇಟು ಸುಡುತ್ತದೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕುರಿತು ಕೆಲವು ಸದಸ್ಯರು ವಿಚಾರಿಸಿದ್ದಾರೆ. ನಮ್ಮ ಕಡೆಯ ಹಳೆಯ ಪಿಕಪ್‌ಗಳು ಕೈಯಿಂದ ಗೇರು ಬದಲಿಸುವಂಥವೇ. ಆಟೋಮ್ಯಾಟಿಕ್ ಇರುವುದು ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂತಹ ದುಬಾರಿ ವಾಹನಗಳ ಕೆಲವು ಮಾದರಿಗಳಲ್ಲಿ. ಅಂತಹ ವಾಹನದಲ್ಲಿ ಬದಲಾಯಿಸಬೇಕಾಗಿ ಬಂದರೆ ಎಣ್ಣೆ ತಣಿಸುವ ಕೂಲರನ್ನೂ ಅದರ ಕೊಳವೆಗಳನ್ನೂ ಪೂರ್ಣವಾಗಿ ತೊಳೆಸದೆ ಹೊಸದನ್ನು ಕೂಡಿಸಬಾರದು. ಅಲ್ಲಿ ಉಳಿದ ಲೋಹದ ಪುಡಿ ಹೊಸದರ ಕವಾಟಗಳಿಗೆ ಹೋಗಿ ಅದನ್ನೂ ಕೆಡಿಸುತ್ತದೆ. ತಯಾರಕರು ಹೇಳಿದ ಎಣ್ಣೆಯ ಹೊರತು ಬೇರೆ ಹಾಕಲಾಗದು. ಇನ್ನು, ಕೈ ಗೇರಿನ ಗಾಡಿಯನ್ನು ಆಟೋಮ್ಯಾಟಿಕ್ ಆಗಿ ಪರಿವರ್ತಿಸುವ ಯೋಚನೆ ಬೇಡವೆಂದೇ ಹೇಳಬೇಕು. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ವಿಧಾನ ತಿಳಿಸಲು ಮಾತ್ರ; ತಮ್ಮ ಊರಿನ ದರಗಳನ್ನು ಓದುಗರೇ ಹಾಕಿಕೊಳ್ಳಬೇಕು. ಗಾಡಿ ನಿಂತ ದಿನಕ್ಕೆ ನಷ್ಟ 1,500 ರೂ. ಎಂದಿಟ್ಟುಕೊಳ್ಳೋಣ. ಬಿಚ್ಚಿ ಸರಿಪಡಿಸಲು 22,000 ರೂ. ಮತ್ತು 4 ದಿನ ಹಿಡಿದರೆ ಒಟ್ಟು 28,000 ರೂ. ಅದು 30 ತಿಂಗಳು ಬಾಳಿದರೆ ತಿಂಗಳಿಗೆ ಸುಮಾರು 933 ರೂ. ಬೀಳುತ್ತದೆ. ಗುಜರಿಯದು 15,000 ರೂ. ಮತ್ತು 2 ದಿನ, ಒಟ್ಟು 18,000 ರೂ.; ಆದರೆ 9 ತಿಂಗಳಿಗೇ ಮತ್ತೆ ಕೆಟ್ಟರೆ ತಿಂಗಳಿಗೆ 2,000 ರೂ. ಹೊಸದು 60,000 ರೂ., ಜಿ.ಎಸ್.ಟಿ. ಶೇ. 18ರಂತೆ 10,800 ರೂ., 2 ದಿನದ ನಷ್ಟ 3,000 ರೂ., ಒಟ್ಟು 73,800 ರೂ. ಐದು ವರ್ಷ ಬಳಸಿದರೆ ತಿಂಗಳಿಗೆ 1,230 ರೂ.; ಎರಡೂವರೆ ವರ್ಷದಲ್ಲಿ ಗಾಡಿಯನ್ನೇ ಮಾರಿದರೆ 2,460 ರೂ.

ಹಾಗಾಗಿ ಎರಡನೆಯ ಪ್ರಶ್ನೆ ನಿರ್ಣಾಯಕ. ನೋಂದಣಿಯಾಗಿ ಎಂಟು ವರ್ಷ ಮೀರಿದ ಸರಕು ವಾಹನಕ್ಕೆ ಪ್ರತಿ ವರ್ಷ ಅರ್ಹತಾ ಪತ್ರ ಅಂದರೆ ಎಫ್.ಸಿ. ಪಡೆಯಬೇಕು. ಹದಿನೈದು ವರ್ಷ ಮೀರಿದ ವಾಹನಗಳ ಎಫ್.ಸಿ. ಶುಲ್ಕವನ್ನು 2022ರ ಏಪ್ರಿಲ್ 1ರಿಂದ ಗಣನೀಯವಾಗಿ ಏರಿಸಲಾಯಿತು. ಹದಿಮೂರು ವರ್ಷದ ಗಾಡಿಗೆ ಹೊಸ ಅಸೆಂಬ್ಲಿ ಹಾಕಿಸುವವರು ಈ ಗಡಿಯನ್ನು ನೆನಪಿನಲ್ಲಿಡಬೇಕು. ನನ್ನ ಅಭಿಪ್ರಾಯದಲ್ಲಿ, ಕವಚ ಒಡೆಯದಿದ್ದರೆ ಹತ್ತು ವರ್ಷ ದಾಟಿದ ವಾಹನಕ್ಕೆ ತನ್ನದೇ ಗೇರ್‌ಬಾಕ್ಸನ್ನು ಸರಿಪಡಿಸಿಕೊಳ್ಳುವುದೇ ಲೇಸು. ಕಬ್ಬು ಅರೆಯುವ ಹಂಗಾಮಿನ ನಡುವೆ ನಾಲ್ಕು ದಿನ ಗಾಡಿ ನಿಲ್ಲಿಸಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ನಾಲ್ಕು ದಿನಕ್ಕೆ ಬಾಡಿಗೆ ಗಾಡಿ ಹಿಡಿದರೆ ಎಷ್ಟು ತಗಲುತ್ತದೆಂದು ಒಮ್ಮೆ ವಿಚಾರಿಸಿ ನೋಡಿದರೆ ಉತ್ತರ ಸಿಗುತ್ತದೆ.

ತೆರಿಗೆಯ ವಿಷಯದಲ್ಲಿ ಗೊಂದಲ ಹೆಚ್ಚು. ವಾಹನದ ಬಿಡಿಭಾಗಗಳ ಜಿ.ಎಸ್.ಟಿ. ದರ 2025ರ ಸೆಪ್ಟೆಂಬರ್ 22ರಿಂದ ಏಕರೂಪವಾಗಿ ಶೇ. 18, ಅದಕ್ಕೂ ಮೊದಲು ಬಹುತೇಕ ಭಾಗಗಳಿಗೆ ಶೇ. 28 ಇತ್ತು. ಪ್ರಯಾಣಿಕರ ಕಾರಿಗಿರುವಂತೆ ಸರಕು ವಾಹನದ ರಿಪೇರಿಗೆ ಹೂಡುವಳಿ ತೆರಿಗೆ ಜಮೆಯ ನಿರ್ಬಂಧವಿಲ್ಲ. ನೋಂದಾಯಿತ ಸಿಮೆಂಟು ವರ್ತಕರು ಮೇಲಿನ ಉದಾಹರಣೆಯ 10,800 ರೂ.ಗಳನ್ನು ಜಮೆ ಪಡೆಯಬಹುದು. ಆದರೆ ರಾಜಿ ತೆರಿಗೆಯಡಿ ಇರುವವರಿಗೆ ಇದು ಸಿಗದು. ಬಿಡಿ ಬೆಲ್ಲ ಅಥವಾ ಎಳನೀರನ್ನಷ್ಟೇ ಮಾರುವವರಿಗೂ ಸಿಗದು, ಏಕೆಂದರೆ ಆ ಸರಕುಗಳಿಗೆ ತೆರಿಗೆ ವಿನಾಯಿತಿಯಿದೆ. ಎರಡೂ ಬಗೆಯ ವ್ಯಾಪಾರವಿದ್ದರೆ ಪ್ರಮಾಣಾನುಸಾರ ಭಾಗ ಮಾಡಬೇಕು.

ಆದಾಯ ತೆರಿಗೆಯಲ್ಲಿ, ಕೆಟ್ಟ ಗೇರ್‌ಬಾಕ್ಸಿನ ಜಾಗಕ್ಕೆ ಅಂಥದೇ ಇನ್ನೊಂದನ್ನು ಹಾಕುವುದು ರಿಪೇರಿ. ಪೂರ್ಣ ಮೊತ್ತವನ್ನು ಆ ವರ್ಷದ ರಾಜಸ್ವ ವೆಚ್ಚವಾಗಿ ಕಳೆಯಬಹುದು. 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ವತಂತ್ರ ಯಂತ್ರವೊಂದನ್ನೇ ಬದಲಿಸುವುದು ಚಾಲ್ತಿ ರಿಪೇರಿಯಲ್ಲವೆಂದಿತು. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ವೆಚ್ಚವೇ ರಿಪೇರಿ ಎಂಬುದು ಅಲ್ಲಿನ ಅಳತೆಗೋಲು. ಇಲ್ಲಿ ಆಸ್ತಿಯೆಂದರೆ ವಾಹನ, ಗೇರ್‌ಬಾಕ್ಸ್ ಅದರ ಒಂದು ಅಂಗ. 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ ರೂಪಿಸಲಾದ 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆಯೇ ಹೊರತು ಈ ತತ್ತ್ವವಲ್ಲ.

ಬಾಡಿಗೆಗೆ ಓಡಿಸುವವರು ಹತ್ತಕ್ಕಿಂತ ಹೆಚ್ಚು ವಾಹನಗಳಿಲ್ಲದೆ ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಂಡಿದ್ದರೆ, ಇಂತಹ ಹಗುರ ವಾಹನಕ್ಕೆ ತಿಂಗಳಿಗೆ 7,500 ರೂ. ಆದಾಯವೆಂದು ಪರಿಗಣಿತವಾಗುತ್ತದೆ. ಗೇರ್‌ಬಾಕ್ಸಿಗೆ ಎಷ್ಟೇ ಖರ್ಚಾದರೂ ಅದರಿಂದ ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಅವರಿಗೆ ಬಿಲ್ಲಿನಿಂದ ಸಿಗುವುದು ಖಾತರಿ ಮಾತ್ರ.

ಲೆಕ್ಕಪತ್ರ ಇಡುವ ಉಳಿದವರಿಗೆ ಗುಜರಿಯ ಖರೀದಿಯಲ್ಲಿ ಮತ್ತೊಂದು ತೊಡಕಿದೆ. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಕೊಟ್ಟರೆ ಆ ವೆಚ್ಚವನ್ನು ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲ. ಬಿಲ್ಲನ್ನು ಎರಡಾಗಿ ಒಡೆದರೂ ಅದೇ ದಿನದ ಒಟ್ಟು ಮೊತ್ತವನ್ನೇ ನೋಡಲಾಗುತ್ತದೆ. ಶೇ. 30ರ ತೆರಿಗೆ ಕಟ್ಟುವ ಪಾಲುದಾರಿಕೆ ಸಂಸ್ಥೆಗೆ 15,000 ರೂ. ನಗದು ಖರೀದಿಯ ಮೇಲೆ ಇನ್ನೂ 4,500 ರೂ. ಹೊರೆ ಬೀಳುತ್ತದೆ, ಸೆಸ್ ಬೇರೆ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಬೇಕು. ಬಿಲ್ಲಿನಲ್ಲಿ ವಾಹನದ ನೋಂದಣಿ ಸಂಖ್ಯೆ, ಗೇರ್‌ಬಾಕ್ಸ್ ಕವಚದ ಮೇಲಿನ ಸಂಖ್ಯೆ, ಖಾತರಿಯ ಅವಧಿ ಬರೆಸಿಕೊಳ್ಳಬೇಕು. ಹಳೆಯದನ್ನು ಮೆಕ್ಯಾನಿಕ್ ಬಳಿಯೇ ಬಿಟ್ಟು ಬರುವ ರೂಢಿಯೂ ನಮ್ಮಲ್ಲಿದೆ. ಅದರ ಒಳ್ಳೆಯ ಗೇರುಗಳಿಗೂ ಕವಚಕ್ಕೂ ಬೆಲೆಯಿದೆ. ಆ ಮೊತ್ತವನ್ನು ಬಿಲ್ಲಿನಲ್ಲೇ ಕಳೆಯಿಸಿ, ರಿಪೇರಿ ಖಾತೆಗೆ ಉಳಿದದ್ದನ್ನು ಮಾತ್ರ ಖರ್ಚು ಹಾಕತಕ್ಕದ್ದು.