ಸಂಚಕಾರ ಕೊಟ್ಟು ಮನೆ ಕಟ್ಟುವುದು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಲೆಕ್ಕ ನೇರ. ಗೂಡು ಹರಾಜಾಗಬೇಕು, ತೂಕವಾಗಬೇಕು, ಆಮೇಲೆ ಹಣ. ಗೂಡು ನೋಡದೆ ರೀಲರು ಬೆಲೆಯನ್ನೇ ಹೇಳುವುದಿಲ್ಲ. ಆದರೆ ಅದೇ ಗೂಡಿನ ದುಡ್ಡಿನಲ್ಲಿ ಮಾಗಡಿಯಲ್ಲೋ ಚನ್ನಪಟ್ಟಣದಲ್ಲೋ ಮನೆ ಕಟ್ಟಿಸಲು ಹೊರಟ ರೈತ, ಗುದ್ದಲಿಪೂಜೆಯ ದಿನ ಒಂದು ಸೈಜುಗಲ್ಲೂ ಇಳಿಯುವ ಮೊದಲೇ ಗುತ್ತಿಗೆದಾರನ ಕೈಗೆ ತಾಂಬೂಲದೊಡನೆ ನೋಟಿನ ಕಟ್ಟು ಇಡುತ್ತಾನೆ. ಶುಭಗಳಿಗೆಯಲ್ಲಿ ರಸೀದಿ ಕೇಳಲು ಸಂಕೋಚ ಬೇರೆ.

ಇಂಥ ಹಣಕ್ಕೆ ಹಳಬರ ಹೆಸರು ಸಂಚಕಾರ. ಸಂಸ್ಕೃತದ ‘ಸತ್ಯಂಕಾರ’ದಿಂದ ಬಂದ ಮಾತು, ಆಡಿದ್ದನ್ನು ಸತ್ಯವಾಗಿಸುವ ಹಣ ಎಂದರ್ಥ. ಯಾಜ್ಞವಲ್ಕ್ಯ ಸ್ಮೃತಿ ಇದನ್ನು ಹೇಳುತ್ತದೆ. ಅದಕ್ಕೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ವ್ಯವಹಾರ ಕುದುರಿಸಲು ಉಂಗುರ ಕೊಟ್ಟವನೇ ಮಾತು ತಪ್ಪಿದರೆ ಉಂಗುರ ಹೋಯಿತು. ಪಡೆದವನು ತಪ್ಪಿದರೆ ಎರಡರಷ್ಟು ಹಿಂದಿರುಗಿಸಬೇಕು ಎಂಬುದು ಅವನ ವಿವರಣೆ. ‘ಜೀವಕ್ಕೆ ಸಂಚಕಾರ’ ಎಂಬ ಬಳಕೆಯಲ್ಲಿ ಇದೇ ಪದ ಅಪಾಯವಾಗಿ ನಿಂತಿದೆ. ಮನೆ ಕಟ್ಟಿಸಿದವರಿಗೆ ಈ ಅರ್ಥಾಂತರ ಆಶ್ಚರ್ಯ ತರಲಾರದು.

ಇಂದಿನ ಕಾನೂನಿನಲ್ಲಿ ಇಮ್ಮಡಿಯ ಮಾತಿಲ್ಲ. ಒಪ್ಪಂದಕ್ಕೆ ಖಾತರಿಯಾಗಿ ಕೊಟ್ಟ ಹಣ, ಕೊಟ್ಟವನು ಹಿಂಜರಿದರೆ ಮುಟ್ಟುಗೋಲಾಗಬಹುದು. ಮಾಡುವ ಕೆಲಸದ ಬಾಬ್ತು ಕೊಟ್ಟ ಮುಂಗಡ, ಕೆಲಸ ನಡೆಯದಿದ್ದರೆ ವಾಪಸಾಗಬೇಕು. ಕೊಟ್ಟದ್ದು ಯಾವುದು ಎಂಬುದನ್ನು ಕರಾರು ಪತ್ರ ಹೇಳದಿದ್ದರೆ ಜಗಳ ಅಲ್ಲಿಂದಲೇ ಶುರು.

ಗುತ್ತಿಗೆದಾರನದೂ ಪೂರ್ತಿ ತಪ್ಪೆನ್ನಲಾಗದು. ಕಂಬಿ, ಸಿಮೆಂಟಿಗೆ ಅಂಗಡಿಯವನು ಸಾಲ ಕೊಡಬೇಕಲ್ಲ? ಗಾರೆಯವರು, ಸೆಂಟ್ರಿಂಗಿನವರು ಅವನಿಂದ ಮುಂಗಡ ಕೇಳುತ್ತಾರೆ. ಕೇಡು ಶುರುವಾಗುವುದು ಹೊಸ ಮನೆಯ ಮುಂಗಡದಿಂದ ಹಳೆಯ ಮನೆಯ ತಾರಸಿ ಮುಗಿಸುವಾಗ. ಕೊನೆಗೆ ಪಾಯದಲ್ಲೇ ನಿಂತ ಮನೆಯ ಯಜಮಾನ, ಬೇರೆಯವನನ್ನು ಕರೆಯಲೂ ಆಗದೆ ಇವನನ್ನು ಬಿಡಲೂ ಆಗದೆ ಸಿಕ್ಕಿಬೀಳುತ್ತಾನೆ. ಇದೇ ಸೀಮೆಯ ರೇಷ್ಮೆ ಹುರಿ ಘಟಕಗಳಲ್ಲಿ, 1976ರ ಜೀತ ನಿರ್ಮೂಲನ ಕಾಯ್ದೆಯ ನಂತರವೂ, ಮುಂಗಡ ಪಡೆದವರ ಮಕ್ಕಳು ದುಡಿದು ತೀರಿಸಿದ್ದುಂಟು. ಅಲ್ಲಿ ಪಡೆದವನು ಬಂದಿ, ಇಲ್ಲಿ ಕೊಟ್ಟವನು.

ಬಡವರ ಮನೆಯಲ್ಲಿ ಸರ್ಕಾರ ಅನುಸರಿಸುವ ಕ್ರಮ ನೋಡಿ. ಬಸವ ವಸತಿ ಯೋಜನೆಯಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹಣ ಬಿಡುವುದು ಪಾಯ, ಗೋಡೆ, ಛಾವಣಿ, ಮುಕ್ತಾಯ ಎಂದು ಹಂತ ಹಂತವಾಗಿ, ಫೋಟೋ ನೋಡಿದ ಮೇಲೆ. ಬ್ಯಾಂಕುಗಳೂ ಹೀಗೆಯೇ. ಸ್ವಂತ ದುಡ್ಡಿನವರಿಗೆ ಮಾತ್ರ ಈ ಬುದ್ಧಿ ಬೇಡವೆ? ಪಾಯಕ್ಕೆ ಸಾಲುವಷ್ಟು ಮೊದಲ ಕಂತು, ಅದರ ಕೆಲಸ ಕಂಡ ಮೇಲೆ ಮುಂದಿನದು. ಕಂಬಿ, ಸಿಮೆಂಟನ್ನು ನೀವೇ ಕೊಂಡು ಚದರಕ್ಕಿಷ್ಟು ಎಂದು ಕೂಲಿ ಮಾತ್ರ ಕೊಟ್ಟರೆ ಮುಂಗಡ ಇನ್ನೂ ಇಳಿಯುತ್ತದೆ, ಓಡಾಟ ಹೆಚ್ಚುತ್ತದೆ.

ಒಂದು ತಪ್ಪು ತಿಳಿವಳಿಕೆ ಇದೆ. ನೋಂದಾಯಿತ ಕರಾರಿಲ್ಲದೆ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಕೂಡದೆಂಬ 2016ರ ರೇರಾ ಕಾಯ್ದೆಯ ನಿಯಮ ಫ್ಲ್ಯಾಟು, ನಿವೇಶನ ಮಾರುವವರಿಗೆ. ನಮ್ಮ ಸೈಟಿನಲ್ಲಿ ನಮಗೆ ಮನೆ ಕಟ್ಟಿಕೊಡುವವನಿಗಲ್ಲ. ನಮಗಿರುವುದು ಗ್ರಾಹಕ ಆಯೋಗ. 1993ರ ತಿದ್ದುಪಡಿಯಿಂದ ಮನೆ ನಿರ್ಮಾಣವೂ ‘ಸೇವೆ’ಯಾಗಿದೆ, 2019ರ ಕಾಯ್ದೆಯಲ್ಲೂ ಅದು ಉಳಿದಿದೆ. ದೂರಿಗೆ ಎರಡು ವರ್ಷದ ಗಡುವು. ‘ಹಬ್ಬ ಕಳೀಲಿ ಸ್ವಾಮಿ’ ಎಂಬ ಬಾಯಿಮಾತಿಗೆ ಅದು ಕಾಯುವುದಿಲ್ಲ.