ಬಂದೂಕಿಗೆ ಬೀಗ ಐತಿ, ಎಣ್ಣಿ ಬಾಟ್ಲಿಗೆ ಎಲ್ಲೈತ್ರೀ?

ಇಟಗಿ: ಅಮೇರಿಕಾದ ಶಾಲೆಯಲ್ಲಿ ಗುಂಡು ಹಾರಿತು, ಇಷ್ಟು ಮಕ್ಕಳು ಸತ್ತರು ಅನ್ನೋ ಸುದ್ದಿ ಬಂದಾಗಲೆಲ್ಲ ನಮ್ಮ ಸೀಮೆಯ ಕಟ್ಟೆಗಳ ಮೇಲೆ ಒಂದೇ ಮಾತು: "ನಮ್ಮಲ್ಲಿ ಅಂಥಾದ್ದೇನಿಲ್ಲಪಾ, ಭೀಮವ್ವ ಕಾಯ್ತಾಳ."

ಕಾಯಲಿ. ಆದರೆ ಎಲ್ಲಾ ಭಾರ ಭೀಮಾಂಬಿಕೆಯ ಮೇಲೆ ಹೊರಿಸಿ ನಾವು ಕೈ ತೊಳಕೊಂಡರೆ ಆದೀತೆ?

ಬಂದೂಕು ಈ ಸೀಮೆಗೆ ಹೊಸದಲ್ಲ. 1857ರಲ್ಲಿ ಹತಾರ ಒಪ್ಪಿಸಿರಿ ಎಂದು ಇಂಗ್ರೇಜಿ ಸರ್ಕಾರ ಹುಕುಂ ಹೊರಡಿಸಿದಾಗ ಹಲಗಲಿಯ ಬೇಡರು ಕೊಡೋದಿಲ್ಲ ಎಂದು ಸೆಟೆದು ನಿಂತು ಪ್ರಾಣ ಕೊಟ್ಟರು. ಮರುವರ್ಷ ನರಗುಂದದ ಬಾಬಾಸಾಹೇಬ ದಂಗೆ ಎದ್ದ, ಗಲ್ಲಿಗೇರಿದ. ಆಗ ಹತಾರ ಊರಿನ ಮಾನ.

ಈಗಿನ ಮಾತೇ ಬೇರೆ. 1959ರ ಆಯುಧ ಕಾಯ್ದೆ ಪ್ರಕಾರ 21 ವರ್ಷ ತುಂಬದವರಿಗೆ ಸಾಮಾನ್ಯವಾಗಿ ಲೈಸೆನ್ಸ್ ಇಲ್ಲ. ಪೊಲೀಸ್ ವರದಿ ಬೇಕು. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಕೊಡವರಿಗೂ ಜಮ್ಮಾ ಜಮೀನಿನವರಿಗೂ ಮಾತ್ರ ಹಳೇ ಕಾಲದಿಂದ ವಿನಾಯಿತಿ.

ಇಷ್ಟಾದರೂ ಗುಂಡು ಹಾರಿಲ್ಲವೇ? ಹಾರಿದೆ. 2015ರ ಮಾರ್ಚ್ 31ರ ರಾತ್ರಿ ಬೆಂಗಳೂರಿನ ಕಾಡುಗೋಡಿಯಲ್ಲಿ ವಸತಿ ಕಾಲೇಜಿನ ನೌಕರನೇ ಪಿಯುಸಿ ಹುಡುಗಿಯೊಬ್ಬಳನ್ನು ಹಾಸ್ಟೆಲಿನಲ್ಲಿ ಗುಂಡಿಟ್ಟು ಕೊಂದ. 2007ರ ಡಿಸೆಂಬರ್ 11ರಂದು ದಿಲ್ಲಿ ಪಕ್ಕದ ಗುರಗಾಂವದಲ್ಲಿ ಎಂಟನೇ ಕ್ಲಾಸಿನ ಇಬ್ಬರು ಹುಡುಗರು ಸಹಪಾಠಿಯನ್ನೇ ಕೊಂದರು. ತಮ್ಮನ್ನು ಸತಾಯಿಸುತ್ತಿದ್ದ ಅನ್ನೋದು ಸಿಟ್ಟು, ಪಿಸ್ತೂಲು ಅಪ್ಪನದು. 2024ರ ಜುಲೈ 31ರಂದು ಬಿಹಾರದ ಸುಪೌಲ್ ಜಿಲ್ಲೆಯಲ್ಲಿ ನರ್ಸರಿ ಕೂಸೊಂದು ಪಾಟೀಚೀಲದಲ್ಲಿ ಪಿಸ್ತೂಲು ತಂದಿತ್ತು. ಗುಂಡು ಮೂರನೇ ಕ್ಲಾಸಿನ ಹುಡುಗನ ಕೈಗೆ ತಾಗಿತು.

ಅಮೇರಿಕಾದ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಎಂಬ ಊರಿನ ಸಂಗತಿಯನ್ನಂತೂ ಹಡೆದವರೆಲ್ಲ ಕೇಳಬೇಕು. 2021ರ ನವೆಂಬರ್ 30. ಹದಿನೈದರ ಹುಡುಗ ಗಣಿತದ ಹಾಳೆ ಮೇಲೆ ಪಿಸ್ತೂಲಿನ ಚಿತ್ರ ಗೀಚಿ, ಯಾರಾದರೂ ನನಗೆ ನೆರವಾಗಿ ಅನ್ನೋ ಅರ್ಥದ ಮಾತು ಬರೆದಿದ್ದ. ಮಾಸ್ತರರು ಕಂಡರು, ತಾಯಿ-ತಂದೆಯನ್ನು ಕರೆಸಿದರು. ಅವರು ಬಂದರು, ಮಗನನ್ನು ಅಲ್ಲೇ ಬಿಟ್ಟು ವಾಪಸಾದರು. ಚೀಲ ಯಾರೂ ಬಿಚ್ಚಿ ನೋಡಲಿಲ್ಲ. ನಾಲ್ಕು ದಿನದ ಹಿಂದೆ ಅಪ್ಪ ಕೊಂಡುತಂದ ಪಿಸ್ತೂಲು ಅದರೊಳಗಿತ್ತು. ನಾಲ್ವರು ವಿದ್ಯಾರ್ಥಿಗಳು ಸತ್ತರು. 2024ರಲ್ಲಿ ತಾಯಿಗೂ ತಂದೆಗೂ ಕನಿಷ್ಠ 10 ವರ್ಷ ಜೈಲಾಯಿತು.

ಲೆಕ್ಕ ಸರಳ. ಕೈಗೆ ಸಿಗೋ ಹತಾರ, ಕೇಳೋರಿಲ್ಲದ ಸಂಕಟ. ಎರಡೂ ಕೂಡಿದರೆ ಅನಾಹುತ.

ಹತಾರಕ್ಕೆ ಗುಂಡೇ ಬೇಕಂತಿಲ್ಲ. ನಮ್ಮದೇ ಜಿಲ್ಲೆಯ ಹದ್ಲಿ ಮರೆತಿರೇನು? ನರಗುಂದ ತಾಲೂಕಿನ ಆ ಊರ ಸರ್ಕಾರಿ ಶಾಲೆಯಲ್ಲಿ 2022ರ ಡಿಸೆಂಬರ್ 19ರಂದು ನಾಲ್ಕನೇ ಕ್ಲಾಸಿನ ಬಾಲಕ ಸತ್ತ. ಸಲಿಕೆಯಿಂದ ಹೊಡೆದು ಮೇಲಿಂದ ಎಸೆದ ಆರೋಪ ಬಂದದ್ದು ಅತಿಥಿ ಶಿಕ್ಷಕನ ಮೇಲೆ.

ಇನ್ನು ಮಕ್ಕಳ ಸಂಕಟ. ನಮ್ಮ ಮಕ್ಕಳು ಸಿಟ್ಟನ್ನು ಹೆಚ್ಚಾಗಿ ತಮ್ಮ ಮ್ಯಾಲೇ ತಿರುಗಿಸ್ತಾರ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ನೋಡಿರಿ: 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ದಿನಕ್ಕೆ 35ರ ಮೇಲಾಯಿತು.

ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆಯೋ ಮನೆಗಳಲ್ಲಿ ಬಂದೂಕು ಇರಲಿಕ್ಕಿಲ್ಲ. ಬೆಳೆಗೆ ಹೊಡೆಯೋ ಎಣ್ಣಿ ಮಾತ್ರ ಪಡಸಾಲಿ ಮಾಡದಲ್ಲೋ, ದನ ಕಟ್ಟೋ ಕಡೆಯೋ ಇದ್ದೇ ಇರ್ತದ. ಅದಕ್ಕೆ ಬೀಗ ಇಲ್ಲ, 21ರ ಲೆಕ್ಕವೂ ಇಲ್ಲ!

ಬೀಗ ಹಾಕಿದರೆ ಸಾಯೋರು ನಿಲ್ತಾರೇನು ಅಂತ ಕೇಳಬಹುದು. ಶ್ರೀಲಂಕಾ ನೋಡಿರಿ. ಅತಿ ವಿಷದ ಔಷಧಿಗಳನ್ನು ಆ ಸರ್ಕಾರ ಒಂದೊಂದಾಗಿ ನಿಷೇಧಿಸುತ್ತ ಬಂತು. 1995ರಿಂದ ಸುಮಾರು 20 ವರ್ಷದಲ್ಲಿ ಆತ್ಮಹತ್ಯೆ ಪ್ರಮಾಣ ಶೇ. 70ರಷ್ಟು ಇಳಿಯಿತು. ಸಿಟ್ಟಿನ ಗಳಿಗೆ ಸಣ್ಣದು. ಆ ಗಳಿಗೆ ದಾಟಿಸಿದರೆ ಎಷ್ಟೋ ಜೀವ ಉಳೀತಾವ.

ಕೇಳೋರು ಎಲ್ಲಿದ್ದಾರೆ ಅಂದರೆ, ಇದ್ದಾರೆ. 14416ಕ್ಕೆ ಫೋನ್ ಮಾಡಿರಿ. 'ಟೆಲಿ ಮಾನಸ್' ಹೆಸರಿನಲ್ಲಿ 2022ರ ಅಕ್ಟೋಬರದಿಂದ ನಡೆದಿದೆ. ಹಗಲು-ರಾತ್ರಿ, ಪುಕ್ಕಟೆ, ಕನ್ನಡದಲ್ಲಿ. ಮಕ್ಕಳ ಸಹಾಯವಾಣಿ 1098. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಅಲ್ಲಿಗೆ ಹೋದವರಿಗೆಲ್ಲ ಹುಚ್ಚು ಅನ್ನೋ ಹಳೇ ಮಾತು ಬಿಡಿರಿ. ದೇಶಕ್ಕೇ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯನ್ನು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮೊದಲು ನಡೆಸಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ನಮ್ಮ ಮಗ್ಗುಲಲ್ಲೇ ಬೆಳೆದ ವಿದ್ಯೆ ನಮ್ಮ ಹಳ್ಳಿ ಹೈಸ್ಕೂಲಿನ ಮಕ್ಕಳನ್ನು ಮುಟ್ಟಬೇಡವೇ? ಪ್ರತಿ ಹೈಸ್ಕೂಲಿಗೆ, ಮಕ್ಕಳ ಮಾತು ಕೇಳಲಿಕ್ಕೆಂದೇ ತರಬೇತಿ ಪಡೆದ ಒಬ್ಬ ಮಾಸ್ತರರೋ ಅಕ್ಕೋರೋ ಬೇಕು. ಶಿಕ್ಷಣ ಖಾತೆಯವರು ಕೇಳಿಸಿಕೊಳ್ಳಲಿ.

ಸರ್ಕಾರ ಬರೋತನಕ ಕಾಯಬೇಕಿಲ್ಲ. ಇವತ್ತೇ ಎಣ್ಣಿ ಬಾಟ್ಲಿ ಒಳಗಿಟ್ಟು ಬೀಗ ಜಡಿಯಿರಿ. ರಾತ್ರಿ ಊಟಕ್ಕೆ ಕುಂತಾಗ ಮಾರ್ಕ್ಸ್ ಎಷ್ಟು ಬಿದ್ದಾವ ಅಂತ ಕೇಳೋದಕ್ಕಿಂತ ಮೊದಲು ಕೇಳಿರಿ: "ಯಾಕೋ ತಮ್ಮಾ, ಸಪ್ಪಗದೀ?" ಕೇಳಿದ ಮ್ಯಾಲೆ, ಉತ್ತರ ಬರೋತನಕ ಸುಮ್ಮನೆ ಕೂಡ್ರಿರಿ.