ಮರೆವು ಕವಿದ ಹಿರಿಯರೊಡನೆ ಮಾತು

ಉಡುಪಿ, ಕುಂದಾಪುರದ ಕಡೆಗಳಿಂದ ಎಳೆಯ ವಯಸ್ಸಿನಲ್ಲಿಯೇ ಮದರಾಸಿಗೆ ಬಂದು, ಲೋಟ ತೊಳೆಯುವ ಕೆಲಸದಿಂದ ಆರಂಭಿಸಿ ಗಲ್ಲಾಪೆಟ್ಟಿಗೆಯವರೆಗೆ ಏರಿದ ನಮ್ಮವರಲ್ಲಿ ಅನೇಕರು ಇಂದು ಎಂಬತ್ತು ದಾಟಿದ್ದಾರೆ. ಅವರಲ್ಲಿ ಕೆಲವರಿಗೆ ಮರೆವು ಕವಿದಿದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು, ಒಲೆ ಹೊತ್ತಿಸಲು ಹೊತ್ತಾಯಿತೆಂದು ಬಾಗಿಲು ತೆರೆಯುತ್ತಾರೆ. ತಡೆದರೆ ಕೋಪಗೊಳ್ಳುತ್ತಾರೆ.

'ಅರುವತ್ತಕ್ಕೆ ಅರಳುಮರಳು' ಎಂದು ಇದನ್ನು ತಳ್ಳಿಬಿಡುವುದು ನಮ್ಮಲ್ಲಿ ವಾಡಿಕೆ. ಆದರೆ ಇದು ಮುಪ್ಪಿನ ಸಹಜ ಧರ್ಮವಲ್ಲ, ಮೆದುಳಿನ ರೋಗ. ಜರ್ಮನಿಯ ವೈದ್ಯ ಆಲ್ಜೈಮರ್ 1906ರಲ್ಲಿ ವರ್ಣಿಸಿದ ರೋಗವೇ ಇಂಥ ಮರೆವಿಗೆ ಮುಖ್ಯ ಕಾರಣ. ಇದರಲ್ಲಿ ನಿನ್ನೆಯ ಸಂಗತಿಯು ಮೊದಲು ಅಳಿಯುತ್ತದೆ. ಬಾಲ್ಯದ್ದು ಬಹುಕಾಲ ಉಳಿಯುತ್ತದೆ. ಭಾಷೆಯ ವಿಷಯದಲ್ಲಿಯೂ ಹಲವರಿಗೆ ಹೀಗೆಯೇ. ಅರ್ಧ ಶತಮಾನ ಆಡಿದ ತಮಿಳು ಹಿಂದೆ ಸರಿದು, ಕನ್ನಡವೋ ತುಳುವೋ ಮುಂದೆ ಬರುತ್ತದೆ. ತಮಿಳನ್ನಷ್ಟೇ ಬಲ್ಲ ದಾದಿಗೂ, ಇಲ್ಲಿಯೇ ಬೆಳೆದ ಮೊಮ್ಮಕ್ಕಳಿಗೂ ಅದು ಬರಿಯ ಪ್ರಲಾಪವಾಗಿ ಕೇಳುತ್ತದೆ. ನೀರು ಬೇಡಿದವರಿಗೆ ನೀರು ದೊರೆಯುವುದಿಲ್ಲ.

ಆದುದರಿಂದ ಮೊದಲ ಔಷಧವು ತಾಯ್ನುಡಿಯ ಮಾತು. ಎದುರಿಗೆ ಕುಳಿತು, ಹೆಸರು ಹಿಡಿದೋ ಸಂಬಂಧ ಹೇಳಿಯೋ ಕರೆಯಬೇಕು. ಒಮ್ಮೆಗೆ ಒಂದೇ ಪ್ರಶ್ನೆ ಸಾಕು. 'ಕಾಫಿ ಬೇಕೇ?' ಎಂದು ಕೇಳುತ್ತ ಲೋಟವನ್ನೂ ತೋರಿಸಬೇಕು, ಉತ್ತರಕ್ಕೆ ಕಾಯಬೇಕು. 'ನಾನು ಯಾರು, ಹೇಳಿ ನೋಡೋಣ' ಎಂದು ಪರೀಕ್ಷಿಸುವುದು ತರವಲ್ಲ. ಒಲೆ ಹೊತ್ತಿಸಲು ಹೊರಟವರೊಡನೆ 'ಹೋಟೆಲು ಮುಚ್ಚಿ ಇಪ್ಪತ್ತು ವರ್ಷವಾಯಿತು' ಎಂದು ವಾದಿಸಿ ಫಲವಿಲ್ಲ. 'ಇಂದು ಏನು ತಿಂಡಿ?' ಎಂದು ಕೇಳಿ, ಕರಿಬೇವು ಬಿಡಿಸಲು ಮುಂದಿಟ್ಟರೆ ಕೈಗೆ ಕೆಲಸವೂ ಮನಸ್ಸಿಗೆ ನೆಮ್ಮದಿಯೂ ಆಗುತ್ತದೆ. ಹೊರಗೆ ಹೋಗಿ ದಾರಿ ತಪ್ಪುವವರ ಜೇಬಿನಲ್ಲಿ ಹೆಸರು, ದೂರವಾಣಿ ಸಂಖ್ಯೆಗಳ ಚೀಟಿಯಿರಲಿ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಏಕಾಏಕಿ ಗೊಂದಲಗೊಂಡರೆ ಅದು ಮರೆವಿನ ರೋಗವೆಂದು ಸುಮ್ಮನಿರಬಾರದು. ಮೂತ್ರದ ಸೋಂಕು, ರಕ್ತದಲ್ಲಿ ಉಪ್ಪಿನ ಅಥವಾ ಸಕ್ಕರೆಯ ಕೊರತೆ, ಬೇಸಗೆಯಲ್ಲಿ ನೀರು ಸಾಲದಿರುವುದು, ಹೊಸ ಮಾತ್ರೆ, ಇವುಗಳಲ್ಲಿ ಯಾವುದರಿಂದಲೂ ಹೀಗಾಗಬಹುದು. ಅಂದೇ ವೈದ್ಯರಲ್ಲಿಗೆ ಕರೆದೊಯ್ದರೆ ಹಲವು ಸಲ ಗುಣವಾಗುತ್ತದೆ.

ಚೆನ್ನೈಯಲ್ಲಿ ನೆರವಿಗೆ ಕೊರತೆಯಿಲ್ಲ. 1984ರಲ್ಲಿ ಸ್ಥಾಪಿತವಾದ ಸ್ಕಾರ್ಫ್ ಸಂಸ್ಥೆಯು ಮರೆವಿನ ರೋಗಿಗಳಿಗೂ ಸೇವೆ ಸಲ್ಲಿಸುತ್ತಿದೆ. ಗಿಂಡಿಯಲ್ಲಿ ವೃದ್ಧರಿಗಾಗಿಯೇ ಸರಕಾರಿ ಆಸ್ಪತ್ರೆಯು 2024ರಲ್ಲಿ ತೆರೆದಿದೆ. 14567 ಎಂಬ ಹಿರಿಯರ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

ಆದರೆ ಕನ್ನಡದ ಮಾತನ್ನು ಇವರಾರೂ ಕೊಡಲಾರರು. ಅದು ವಾಚಕ ಬಂಧುಗಳ ಬಳಿ ಇದೆ. ನಿಮಗೆ ಮೊದಲ ಕೆಲಸ ಕೊಟ್ಟವರು, ರೈಲಿನಿಂದಿಳಿದ ದಿನ ಮಲಗಲು ಚಾಪೆ ಕೊಟ್ಟವರು ಈ ಸ್ಥಿತಿಯಲ್ಲಿದ್ದರೆ, ರಜೆಯ ದಿನ ಅರ್ಧ ತಾಸು ಹೋಗಿ ಕುಳಿತು ಊರಿನ ಮಾತನಾಡಿರಿ. ಅವರು ನಿಮ್ಮ ಹೆಸರನ್ನು ಮರೆತಿರಬಹುದು, ಮಾತನ್ನು ಗುರುತಿಸುವರು.